ಹರದಾರಿಯಿಂದ ತಾಸಿನವರೆಗೆ

ಹಾವೇರಿ ಸೀಮೆಯ ಹಿರಿಯರು ದೂರವನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಆದರೆ ಹೇರು ತುಂಬಿದ ಚಕ್ಕಡಿ ತಾಸಿಗೆ ಎರಡು ಮೈಲಿ ಸಾಗಿದರೆ ಹೆಚ್ಚು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಅರಳೆ ಇದೇ ವೇಗದಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ದೂರ ಸುಮಾರು 130 ಕಿ.ಮೀ.; ಎತ್ತುಗಳಿಗೆ ಹೆಚ್ಚುಕಡಿಮೆ ವಾರದ ಹಾದಿ. ಅಮೆರಿಕದ ಅಂತರ್ಯುದ್ಧದಿಂದ (1861–65) ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಈ ದಾರಿಗೆ ಎಲ್ಲಿಲ್ಲದ ಮಹತ್ವ ಬಂತು. ಧಾರವಾಡ ಸೀಮೆಯಲ್ಲಿ ಬೆಳೆದದ್ದಕ್ಕೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದ ಊರಿಗಿಲ್ಲದ ಕೀರ್ತಿ ಹಡಗು ಹತ್ತಿಸಿದ ಊರಿಗೆ!

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಹುಬ್ಬಳ್ಳಿ–ಹರಿಹರ ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಹಾದುಹೋಯಿತು; ಅತ್ತ ಗೋವೆಯ ಮಾರ್ಮಗೋವಾ ಬಂದರಿಗೂ ರೈಲು ಕೂಡಿಕೊಂಡಿತು. ಹಾವೇರಿಯಿಂದ ಮಾರ್ಮಗೋವಾ ಕುಮಟಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ದೂರ. ಆದರೂ ಸರಕು ಅತ್ತಲೇ ಹೊರಳಿತು. ವ್ಯಾಪಾರಿ ಲೆಕ್ಕ ಹಾಕಿದ್ದು ಮೈಲಿಗಳನ್ನಲ್ಲ, ದಿನಗಳನ್ನು. ಕುಮಟಾದ ವಹಿವಾಟು ಇಳಿಮುಖವಾಯಿತು.

ವಿಮಾನದ ಲೆಕ್ಕವೂ ಹೀಗೆಯೇ ವಿಚಿತ್ರ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲುಹಾದಿ ಸುಮಾರು 470 ಕಿ.ಮೀ.; ಎರಡು ನಿಲ್ದಾಣಗಳ ನಡುವಿನ ನೇರ ಆಕಾಶದೂರ ಸುಮಾರು 370. ಹಾರಾಟಕ್ಕೆ ಒಂದು ತಾಸಿನ ಆಸುಪಾಸು ಸಾಕು. ಹಾವೇರಿಯವರು ಹುಬ್ಬಳ್ಳಿ ವಿಮಾನ ನಿಲ್ದಾಣ ಮುಟ್ಟಲು ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕು.