ಪಲ್ಪ್ ಪತ್ರಿಕೆಗಳ ಸಂಗ್ರಹ

ಪಲ್ಪ್ ಪತ್ರಿಕೆಗಳ ಸಂಗ್ರಹವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1896ರಿಂದ 1950ರ ದಶಕದ ಮಧ್ಯಭಾಗದವರೆಗೆ ಪ್ರಕಟವಾದ ಅಗ್ಗದ ಕಥಾಪತ್ರಿಕೆಗಳನ್ನೂ ಅವುಗಳ ಮುಖಪುಟಕ್ಕಾಗಿ ರಚಿತವಾದ ಮೂಲ ವರ್ಣಚಿತ್ರಗಳನ್ನೂ ಹುಡುಕಿ, ಕೊಂಡು, ಕಾಪಾಡುವ ಹವ್ಯಾಸವಾಗಿದೆ. ಮರದ ತಿರುಳಿನಿಂದ ತಯಾರಿಸಿದ ಒರಟು ಕಾಗದದ ಮೇಲೆ ಮುದ್ರಣವಾಗುತ್ತಿದ್ದುದರಿಂದ ಈ ಪತ್ರಿಕೆಗಳಿಗೆ 'ಪಲ್ಪ್' ಎಂಬ ಹೆಸರು ಬಂದಿತು. ಕೀಳು ಅಭಿರುಚಿಯ ಬರವಣಿಗೆಯನ್ನೆಲ್ಲ ಇಂದು ಇದೇ ಪದದಿಂದ ಕರೆಯುವ ರೂಢಿಯಿದೆಯಾದರೂ, ಸಂಗ್ರಾಹಕರ ಬಳಕೆಯಲ್ಲಿ ಇದು ಒಂದು ನಿರ್ದಿಷ್ಟ ಕಾಗದ, ಅಳತೆ ಮತ್ತು ಕಾಲಾವಧಿಯನ್ನು ಸೂಚಿಸುತ್ತದೆ. ಒಂದು ತಿಂಗಳು ಅಂಗಡಿಯಲ್ಲಿದ್ದು ಮರೆಯಾಗಬೇಕೆಂದೇ ತಯಾರಾದ ಈ ಪತ್ರಿಕೆಗಳನ್ನು ಪ್ರಕಾಶಕರಾಗಲಿ, ಬಹುಪಾಲು ಗ್ರಂಥಾಲಯಗಳಾಗಲಿ ಕಾಪಾಡಲಿಲ್ಲ. ಈಗ ಉಳಿದಿರುವ ಪ್ರತಿಗಳಲ್ಲಿ ಹೆಚ್ಚಿನವು ಖಾಸಗಿ ಓದುಗರು ಪೆಟ್ಟಿಗೆಗಳಲ್ಲಿಯೂ ಅಟ್ಟಗಳಲ್ಲಿಯೂ ಇಟ್ಟುಕೊಂಡಿದ್ದವು.

ಹಿನ್ನೆಲೆ

ಪ್ರಕಾಶಕ ಫ್ರಾಂಕ್ ಮನ್ಸಿ 1882ರಲ್ಲಿ ಮಕ್ಕಳಿಗಾಗಿ 'ದಿ ಗೋಲ್ಡನ್ ಆರ್ಗಸಿ' ಎಂಬ ವಾರಪತ್ರಿಕೆಯನ್ನು ಆರಂಭಿಸಿದನು. 1896ರಲ್ಲಿ ಅದನ್ನು ವಯಸ್ಕರಿಗಾಗಿ ಕೇವಲ ಕಥೆಗಳಿರುವ ಪತ್ರಿಕೆಯಾಗಿ ಮಾರ್ಪಡಿಸಿ, ಅತ್ಯಂತ ಅಗ್ಗದ ಕಾಗದದಲ್ಲಿ ಮುದ್ರಿಸಿ, 10 ಸೆಂಟುಗಳಿಗೆ ಮಾರಿದನು. ಇದನ್ನೇ ಮೊದಲ ಪಲ್ಪ್ ಪತ್ರಿಕೆಯೆಂದು ಪರಿಗಣಿಸಲಾಗುತ್ತದೆ. ಆರಂಭದ ಆ ಸಂಚಿಕೆಗಳ ಮುಖಪುಟದಲ್ಲಿ ಚಿತ್ರಗಳಿರಲಿಲ್ಲ. ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆಯು 1903ರಲ್ಲಿ 'ದಿ ಪಾಪ್ಯುಲರ್ ಮ್ಯಾಗಜೀನ್' ಅನ್ನು ತಂದು ಅದಕ್ಕೆ ವರ್ಣರಂಜಿತ ಮುಖಪುಟವನ್ನು ತೊಡಿಸಿದ ಮೇಲೆ ಪೈಪೋಟಿಯ ಸ್ವರೂಪವೇ ಬದಲಾಯಿತು.

ಮುಂದೆ ಪತ್ರಿಕೆಗಳು ವಿಷಯವಾರು ಕವಲೊಡೆದವು. 1915ರಲ್ಲಿ ಪತ್ತೇದಾರಿ ಕಥೆಗಳಿಗೇ ಮೀಸಲಾದ 'ಡಿಟೆಕ್ಟಿವ್ ಸ್ಟೋರಿ', 1919ರಲ್ಲಿ 'ವೆಸ್ಟರ್ನ್ ಸ್ಟೋರಿ', 1920ರಲ್ಲಿ 'ಬ್ಲ್ಯಾಕ್ ಮಾಸ್ಕ್', 1923ರ ಮಾರ್ಚ್‌ನಲ್ಲಿ ಭಯಾನಕ ಮತ್ತು ಅದ್ಭುತ ಕಥೆಗಳ 'ವೀಯರ್ಡ್ ಟೇಲ್ಸ್', 1926ರ ಏಪ್ರಿಲ್‌ನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಹೊರತಂದ 'ಅಮೇಝಿಂಗ್ ಸ್ಟೋರೀಸ್' ಕಾಣಿಸಿಕೊಂಡವು. 1931ರಲ್ಲಿ 'ದಿ ಶ್ಯಾಡೋ', 1933ರಲ್ಲಿ 'ಡಾಕ್ ಸ್ಯಾವೇಜ್' ಎಂಬ ನಾಯಕಪ್ರಧಾನ ಪತ್ರಿಕೆಗಳು ಬಂದವು. ಸಾಮಾನ್ಯ ಪಲ್ಪ್ ಪತ್ರಿಕೆಯ ಅಳತೆ ಸುಮಾರು 7 ಅಂಗುಲ ಅಗಲ, 10 ಅಂಗುಲ ಎತ್ತರ.

ಮುಖಪುಟದ ರಚನೆ

ಪತ್ರಿಕೆ ಮಾರುವ ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳು ಒಂದರ ಮೇಲೊಂದು ಅರೆಮರೆಯಾಗಿ ತೂಗುತ್ತಿದ್ದವು. ದಾರಿಹೋಕನ ಕಣ್ಣು ಒಂದೆರಡು ಕ್ಷಣ ಮಾತ್ರ ಅವುಗಳ ಮೇಲೆ ನಿಲ್ಲುತ್ತಿತ್ತು. ಆ ಕ್ಷಣದಲ್ಲೇ ಅವನ ಕೈಯನ್ನು ಜೇಬಿಗೆ ಇಳಿಸುವುದು ಚಿತ್ರದ ಕೆಲಸವಾಗಿತ್ತು. ಆದುದರಿಂದ ಪ್ರಕಾಶಕರು ಒಳಪುಟಗಳ ಕಾಗದದಲ್ಲಿ ಉಳಿಸಿದ ಹಣವನ್ನು ಮುಖಪುಟಕ್ಕೆ ಸುರಿದರು. ಒಳಗೆ ಬೂದುಬಣ್ಣದ ಒರಟು ಹಾಳೆಯಿದ್ದರೂ ಹೊರಗೆ ನುಣುಪಾದ ಲೇಪಿತ ಕಾಗದವೂ ನಾಲ್ಕು ಬಣ್ಣಗಳ ಮುದ್ರಣವೂ ಇರುತ್ತಿದ್ದವು. ಕೆಂಪು ಮತ್ತು ಹಳದಿ ಧಾರಾಳವಾಗಿ ಬಳಕೆಯಾದವು. ಪತ್ರಿಕೆಯ ಹೆಸರಿಗೂ ಕಥೆಗಳ ಶೀರ್ಷಿಕೆಗಳಿಗೂ ಸ್ಥಳ ಬಿಟ್ಟೇ ಚಿತ್ರವನ್ನು ರಚಿಸಲಾಗುತ್ತಿತ್ತು. ಅಕ್ಷರಗಳಿಲ್ಲದ ಮೂಲಚಿತ್ರವನ್ನು ನೋಡುವವರಿಗೆ ಮೇಲ್ಭಾಗ ವಿಚಿತ್ರವಾಗಿ ಬರಿದಾಗಿ ತೋರುವುದು ಈ ಕಾರಣದಿಂದ.

ಚಿತ್ರವು ಯಾವಾಗಲೂ ಕಥೆಯನ್ನು ಅನುಸರಿಸುತ್ತಿತ್ತೆಂದು ಭಾವಿಸುವಂತಿಲ್ಲ. 'ದಿ ಶ್ಯಾಡೋ' ಪತ್ರಿಕೆಯ ಮೊದಲ ಸಂಚಿಕೆಗೆ ಹೊಸ ಚಿತ್ರವನ್ನು ಬರೆಸದೆ, 1919ರಲ್ಲಿ 'ದಿ ಥ್ರಿಲ್ ಬುಕ್' ಪತ್ರಿಕೆಗಾಗಿ ಮಾಡೆಸ್ಟ್ ಸ್ಟೈನ್ ರಚಿಸಿದ್ದ ಹಳೆಯ ಚಿತ್ರವೊಂದನ್ನೇ ಮತ್ತೆ ಬಳಸಲಾಯಿತು. ಅದರಲ್ಲಿ ಚೀನೀ ವ್ಯಕ್ತಿಯೊಬ್ಬನೂ ಅವನ ನೆರಳೂ ಇದ್ದುದರಿಂದ ಲೇಖಕ ವಾಲ್ಟರ್ ಗಿಬ್ಸನ್ ತನ್ನ ಕಾದಂಬರಿಯಲ್ಲಿ ಚೀನೀ ಹಿನ್ನೆಲೆಯ ಪ್ರಸಂಗಗಳನ್ನು ಸೇರಿಸಬೇಕಾಯಿತು.

ಪ್ರಮುಖ ಕಲಾವಿದರು

ವೈಜ್ಞಾನಿಕ ಕಥೆಗಳ ಮುಖಪುಟಕ್ಕೆ ಮೊದಲ ರೂಪವನ್ನು ಕೊಟ್ಟವನು ಫ್ರಾಂಕ್ ಆರ್. ಪಾಲ್. ಆಸ್ಟ್ರಿಯಾ ಮೂಲದ ಈತನು ವಾಸ್ತುಶಿಲ್ಪದ ಶಿಕ್ಷಣ ಪಡೆದಿದ್ದನು. ಅವನ ನಗರಗಳೂ ಯಂತ್ರಗಳೂ ಇಂದಿಗೂ ಬೆರಗು ಹುಟ್ಟಿಸುತ್ತವೆ. ಮನುಷ್ಯರು ಮಾತ್ರ ಬೊಂಬೆಗಳಂತೆ ಸೆಟೆದು ನಿಂತಿರುತ್ತಾರೆ. 'ಅಮೇಝಿಂಗ್ ಸ್ಟೋರೀಸ್'ನ ಮೊದಲ ಸಂಚಿಕೆಯಲ್ಲಿ ಶನಿಗ್ರಹದ ಹಿನ್ನೆಲೆಯಲ್ಲಿ ಹಿಮದ ಮೇಲೆ ಜಾರುವವರನ್ನು ಚಿತ್ರಿಸಿದವನು ಇವನೇ. 1928ರ ಆಗಸ್ಟ್ ಸಂಚಿಕೆಯಲ್ಲಿ ಇವನು ಬರೆದ ಹಾರುವ ಮನುಷ್ಯನ ಚಿತ್ರವನ್ನು ಅನೇಕರು ಬಕ್ ರಾಜರ್ಸ್ ಎಂದು ತಪ್ಪಾಗಿ ಗುರುತಿಸುತ್ತಾರೆ. ರಾಜರ್ಸ್ ಪಾತ್ರವಿರುವ ಮೊದಲ ಕಥೆ ಅದೇ ಸಂಚಿಕೆಯಲ್ಲಿದ್ದರೂ, ಚಿತ್ರವು 'ದಿ ಸ್ಕೈಲಾರ್ಕ್ ಆಫ್ ಸ್ಪೇಸ್' ಎಂಬ ಬೇರೊಂದು ಕೃತಿಗೆ ಸಂಬಂಧಿಸಿದ್ದು. ಎರಡು ಪ್ರಸಿದ್ಧ ಕೃತಿಗಳು ಒಟ್ಟಿಗೆ ಬಂದ ಕಾರಣ ಈ ಸಂಚಿಕೆಗೆ ಬೇಡಿಕೆ ಹೆಚ್ಚು.

ಸಂಗ್ರಾಹಕರು ಅತ್ಯಂತ ಆಸಕ್ತಿಯಿಂದ ಅರಸುವ ಹೆಸರುಗಳಲ್ಲಿ ಮಾರ್ಗರೆಟ್ ಬ್ರಂಡೇಜ್ ಒಬ್ಬಳು. ಷಿಕಾಗೋದಲ್ಲಿ ಕಲಾಶಿಕ್ಷಣ ಪಡೆದ ಈಕೆ 1932ರಿಂದ 1945ರ ನಡುವೆ 'ವೀಯರ್ಡ್ ಟೇಲ್ಸ್'ಗಾಗಿ 66 ಮುಖಪುಟಗಳನ್ನು ರಚಿಸಿದಳು. ಪ್ರತಿ ಚಿತ್ರಕ್ಕೆ ಆಕೆಗೆ ದೊರೆಯುತ್ತಿದ್ದುದು 90 ಡಾಲರ್. ಉಳಿದವರು ಕ್ಯಾನ್ವಾಸಿನ ಮೇಲೆ ತೈಲವರ್ಣವನ್ನು ಬಳಸುತ್ತಿದ್ದಾಗ ಈಕೆ ಪೇಸ್ಟಲ್, ಅಂದರೆ ಸೀಮೆಸುಣ್ಣದಂತಹ ಬಣ್ಣದ ಕಡ್ಡಿಗಳನ್ನು ಬಳಸಿದಳು. ಚಿತ್ರಗಳಲ್ಲಿ 'ಎಂ. ಬ್ರಂಡೇಜ್' ಎಂದಷ್ಟೇ ಸಹಿ ಇದ್ದುದರಿಂದ, ಅರೆನಗ್ನ ನಾಯಕಿಯರ ಈ ಚಿತ್ರಗಳನ್ನು ಹೊಗಳಿಯೂ ತೆಗಳಿಯೂ ಪತ್ರ ಬರೆಯುತ್ತಿದ್ದ ಓದುಗರು ಕಲಾವಿದ ಗಂಡಸೆಂದೇ ನಂಬಿದ್ದರು. ಸಂಪಾದಕ ಫಾರ್ನ್ಸ್‌ವರ್ತ್ ರೈಟ್ ನಿಜವನ್ನು ಪ್ರಕಟಿಸಿದ ಮೇಲೆ ಚರ್ಚೆ ಇನ್ನಷ್ಟು ಕಾವೇರಿತು. 1933ರ ಅಕ್ಟೋಬರ್ ಸಂಚಿಕೆಯಲ್ಲಿರುವ ಬಾವಲಿ ಮುಖವಾಡದ ಹೆಣ್ಣಿನ ಚಿತ್ರವು ಪಲ್ಪ್ ಯುಗದ ಗುರುತಾಗಿಯೇ ಬಳಕೆಯಲ್ಲಿದೆ. 1938ರಲ್ಲಿ ಪತ್ರಿಕೆಯು ಷಿಕಾಗೋದಿಂದ ನ್ಯೂಯಾರ್ಕಿಗೆ ಸ್ಥಳಾಂತರವಾಯಿತು. ಕೈತಾಗಿದರೆ ಉದುರುವ ಪೇಸ್ಟಲ್ ಚಿತ್ರಗಳನ್ನು ಅಷ್ಟು ದೂರ ಸಾಗಿಸುವುದು ಕಷ್ಟವಾಗಿ ಆಕೆಯ ಕೆಲಸ ಕಡಿಮೆಯಾಗುತ್ತ ಬಂದಿತು.

'ಡಾಕ್ ಸ್ಯಾವೇಜ್'ನ ಆರಂಭದ ಮುಖಪುಟಗಳನ್ನು ರಚಿಸಿದ ವಾಲ್ಟರ್ ಬಾಮ್‌ಹೋಫರ್, 'ದಿ ಶ್ಯಾಡೋ'ಗೆ ಹೆಸರಾದ ಜಾರ್ಜ್ ರೋಝೆನ್, ರಫೇಲ್ ಡಿ ಸೋಟೊ, ಎಚ್. ಜೆ. ವಾರ್ಡ್ ಮತ್ತು ನಾರ್ಮನ್ ಸಾಂಡರ್ಸ್ ಇತರ ಮುಖ್ಯರು. ಇವರಲ್ಲದೆ ಹೆಸರೇ ಇಲ್ಲದ ಚಿತ್ರಗಳು ಅಸಂಖ್ಯವಾಗಿವೆ. ಶ್ರೀಮಂತ ಪತ್ರಿಕೆಗಳಲ್ಲಿ ಅವಕಾಶಕ್ಕಾಗಿ ಕಾಯುತ್ತಿದ್ದ ಕಲಾವಿದರು ಪಲ್ಪ್ ಕೆಲಸಕ್ಕೆ ಸಹಿ ಹಾಕಲು ಹಿಂಜರಿಯುತ್ತಿದ್ದುದು ಇದಕ್ಕೆ ಒಂದು ಕಾರಣ. ಅಂತಹ ಚಿತ್ರಗಳ ಕರ್ತೃತ್ವವನ್ನು ಪತ್ತೆಹಚ್ಚುವಲ್ಲಿ ನಾರ್ಮನ್ ಸಾಂಡರ್ಸ್‌ನ ಮಗ ಡೇವಿಡ್ ಸಾಂಡರ್ಸ್ ಸಿದ್ಧಪಡಿಸಿರುವ ಪಲ್ಪ್ ಕಲಾವಿದರ ಜೀವನಚರಿತ್ರೆಗಳು ಬಹಳ ನೆರವಾಗಿವೆ.

ನಾಶದ ಕಾರಣಗಳು

ಮರದ ತಿರುಳಿನಲ್ಲಿ ಉಳಿಯುವ ಲಿಗ್ನಿನ್ ಎಂಬ ಅಂಶವೂ ತಯಾರಿಕೆಯಲ್ಲಿ ಸೇರುವ ಆಮ್ಲವೂ ಬೆಳಕು, ಶಾಖ ಮತ್ತು ಗಾಳಿಯ ಸಂಪರ್ಕದಲ್ಲಿ ಕಾಗದವನ್ನು ಒಳಗಿನಿಂದಲೇ ಕೊಲ್ಲುತ್ತವೆ. ಹಾಳೆ ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಮುಖಪುಟದ ಕಾಗದವು ಇದಕ್ಕಿಂತ ಗಟ್ಟಿಯಾದುದು. ಆದರೆ ಅದನ್ನು ಒಳಹಾಳೆಗಳಿಗಿಂತ ತುಸು ದೊಡ್ಡದಾಗಿ ಕತ್ತರಿಸುತ್ತಿದ್ದುದರಿಂದ ಹೊರಚಾಚಿದ ಅಂಚುಗಳು ಮಡಚಿ ಹರಿಯುತ್ತಿದ್ದವು. ಅಂಚು ಹರಿಯದ ಪ್ರತಿ ಅಪರೂಪವಾಗಿರುವುದಕ್ಕೆ ಓದುಗರ ಅಜಾಗರೂಕತೆಗಿಂತ ಈ ವಿನ್ಯಾಸವೇ ಹೆಚ್ಚು ಹೊಣೆ.

ಮನುಷ್ಯರ ಕೈವಾಡವೂ ಇತ್ತು. ಮಾರಾಟವಾಗದ ಪತ್ರಿಕೆಗಳ ಹಣವನ್ನು ಹಿಂಪಡೆಯಲು ಅಂಗಡಿಯವರು ಮುಖಪುಟವನ್ನಷ್ಟೇ ಹರಿದು ಕಳುಹಿಸುವ ಪದ್ಧತಿಯಿದ್ದುದರಿಂದ ಮುಖಪುಟವಿಲ್ಲದ ಪ್ರತಿಗಳು ಬಹಳ ಸಿಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಹಳೆಯ ಕಾಗದ ಸಂಗ್ರಹಣೆಯ ಅಭಿಯಾನಗಳಲ್ಲಿ ಮನೆಮನೆಯ ಪತ್ರಿಕೆಗಳು ತೂಕಕ್ಕೆ ಹೋದವು. ಕಾಗದದ ಅಭಾವದಿಂದ ಪತ್ರಿಕೆಗಳೂ ಕುಗ್ಗಿದವು. 'ಅಸ್ಟೌಂಡಿಂಗ್' ಪತ್ರಿಕೆಯು 1943ರಲ್ಲಿ ಕಿರು ಗಾತ್ರಕ್ಕೆ ಇಳಿಯಿತು. ಸ್ಟ್ರೀಟ್ ಅಂಡ್ ಸ್ಮಿತ್ 1949ರಲ್ಲಿ ಅದೊಂದನ್ನು ಬಿಟ್ಟು ಉಳಿದ ಕಥಾಪತ್ರಿಕೆಗಳನ್ನೆಲ್ಲ ನಿಲ್ಲಿಸಿತು. 'ವೀಯರ್ಡ್ ಟೇಲ್ಸ್' 1954ರಲ್ಲಿ ಕೊನೆಗೊಂಡಿತು.

ಮೂಲ ವರ್ಣಚಿತ್ರಗಳ ಸ್ಥಿತಿ ಇನ್ನೂ ಶೋಚನೀಯ. ಪ್ರಕಾಶಕರು ಸಾಮಾನ್ಯವಾಗಿ ಚಿತ್ರವನ್ನು ಎಲ್ಲ ಹಕ್ಕುಗಳೊಂದಿಗೆ ಕೊಳ್ಳುತ್ತಿದ್ದರು. ಮುದ್ರಣವಾದ ಮೇಲೆ ಅದು ಗೋದಾಮು ಸೇರುತ್ತಿತ್ತು. ಜಾಗ ಬೇಕಾದಾಗ ಅವುಗಳನ್ನು ಎಸೆಯಲಾಯಿತು. ಅನೇಕ ಕಲಾವಿದರೂ ಅವುಗಳನ್ನು ಹಿಂಪಡೆಯಲು ಆಸಕ್ತಿ ತೋರಲಿಲ್ಲ. ಆದುದರಿಂದ ಬಹುತೇಕ ಮುಖಪುಟಗಳ ವಿಷಯದಲ್ಲಿ ಅಂಗಡಿಯಲ್ಲಿ ಮಾರಾಟವಾದ ಮುದ್ರಿತ ಪ್ರತಿಯೇ ಆ ಚಿತ್ರದ ಏಕೈಕ ಸಾಕ್ಷಿಯಾಗಿ ಉಳಿದಿದೆ. ಉಳಿದ ಕ್ಯಾನ್ವಾಸುಗಳನ್ನು ಯಾರೂ ಕೇಳದ ಕಾಲದಲ್ಲಿ ಕೂಡಿಹಾಕಿದವರಲ್ಲಿ ನ್ಯೂಯಾರ್ಕಿನ ರಾಬರ್ಟ್ ಲೆಸ್ಸರ್ ಪ್ರಮುಖ. ಅವನ 'ಪಲ್ಪ್ ಆರ್ಟ್' ಗ್ರಂಥವು 1997ರಲ್ಲಿ ಪ್ರಕಟವಾಯಿತು. 2003ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯವು ಅವನ ಸಂಗ್ರಹದ ಪ್ರದರ್ಶನವನ್ನು ಏರ್ಪಡಿಸಿತು. ಹಿಂದೆ ಕಸವಾಗಿದ್ದ ಚಿತ್ರಗಳನ್ನು ಕಲಾಸಂಸ್ಥೆಯೊಂದು ಗೋಡೆಗೆ ತೂಗುಹಾಕಿದ್ದು ಈ ಹವ್ಯಾಸಕ್ಕೆ ದೊರೆತ ಮಹತ್ವದ ಮನ್ನಣೆ.

ಮೌಲ್ಯನಿರ್ಣಯ

ಪ್ರತಿಯ ಬೆಲೆಯನ್ನು ಅದರ ಸ್ಥಿತಿ, ವಿರಳತೆ, ಒಳಗಿನ ಕಥೆ ಮತ್ತು ಮುಖಪುಟದ ಚಿತ್ರ ನಿರ್ಧರಿಸುತ್ತವೆ. ಇವು ಒಂದಕ್ಕೊಂದು ಹೊಂದಿಕೊಳ್ಳಬೇಕೆಂಬ ನಿಯಮವಿಲ್ಲ. ಎಚ್. ಪಿ. ಲವ್‌ಕ್ರಾಫ್ಟ್‌ನ 'ದಿ ಕಾಲ್ ಆಫ್ ಕ್ತುಲ್ಹು' ಕಥೆಯಿರುವ 1928ರ ಫೆಬ್ರವರಿಯ 'ವೀಯರ್ಡ್ ಟೇಲ್ಸ್' ಸಂಚಿಕೆಯ ಮುಖಪುಟದಲ್ಲಿರುವುದು ಇಂದು ಯಾರೂ ಓದದ ಬೇರೊಂದು ಕಥೆಯ ಚಿತ್ರ. ಡ್ಯಾಶೀಲ್ ಹ್ಯಾಮೆಟ್‌ನ 'ದಿ ಮಾಲ್ಟೀಸ್ ಫಾಲ್ಕನ್' ಧಾರಾವಾಹಿಯಾಗಿ ಆರಂಭವಾದ 1929ರ ಸೆಪ್ಟೆಂಬರ್‌ನ 'ಬ್ಲ್ಯಾಕ್ ಮಾಸ್ಕ್' ಸಂಚಿಕೆಗೆ ಸಾಹಿತ್ಯದ ಸಂಗ್ರಾಹಕರೂ ಪೈಪೋಟಿ ನಡೆಸುತ್ತಾರೆ. ಚಿತ್ರವೂ ಕಥೆಯೂ ಕೂಡಿಬಂದ ಅಪರೂಪದ ಉದಾಹರಣೆ 1912ರ ಅಕ್ಟೋಬರ್‌ನ 'ದಿ ಆಲ್-ಸ್ಟೋರಿ'. 'ಟಾರ್ಝನ್ ಆಫ್ ದಿ ಏಪ್ಸ್' ಮೊದಲು ಪ್ರಕಟವಾದ ಈ ಸಂಚಿಕೆಯ ಮುಖಪುಟದಲ್ಲಿ ಕ್ಲಿಂಟನ್ ಪೆಟೀ ಟಾರ್ಝನ್ ಸಿಂಹದೊಡನೆ ಸೆಣಸುವುದನ್ನು ಚಿತ್ರಿಸಿದ್ದಾನೆ. ಪಲ್ಪ್ ಪತ್ರಿಕೆಗಳಲ್ಲೇ ಅತ್ಯಂತ ದುಬಾರಿಯಾದವುಗಳಲ್ಲಿ ಇದೂ ಒಂದು.

ಕೊಳ್ಳುವ ಮುನ್ನ ಬೆನ್ನಿನ ಕಾಗದ ಪೂರ್ತಿಯಾಗಿದೆಯೇ, ಪಿನ್ನುಗಳು ತುಕ್ಕು ಹಿಡಿದಿವೆಯೇ, ಜಾಹೀರಾತಿನ ಕೂಪನ್ ಕತ್ತರಿಸಲಾಗಿದೆಯೇ ಎಂಬುದನ್ನು ಪರಿಶೀಲಿಸುವುದು ವಾಡಿಕೆ. ಬೇರೊಂದು ಪ್ರತಿಯ ಮುಖಪುಟವನ್ನು ಅಂಟಿಸಿದ, ಇಲ್ಲವೆ ಹರಿದ ಭಾಗಕ್ಕೆ ಬಣ್ಣ ಹಚ್ಚಿದ ಪ್ರತಿಗಳೂ ಮಾರುಕಟ್ಟೆಯಲ್ಲಿವೆ. ದುರಸ್ತಿ ಮಾಡುವುದು ತಪ್ಪಲ್ಲ, ಅದನ್ನು ತಿಳಿಸದೆ ಮಾರುವುದು ತಪ್ಪು ಎಂಬುದು ಸಂಗ್ರಾಹಕರ ನಡುವಿನ ಒಪ್ಪಂದ. ಕಾಮಿಕ್ಸ್ ಪುಸ್ತಕಗಳಿಗೆ ದರ್ಜೆ ನೀಡಿ ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡುವ ವ್ಯಾಪಾರಿ ಪದ್ಧತಿಯು ಇತ್ತೀಚಿನ ವರ್ಷಗಳಲ್ಲಿ ಪಲ್ಪ್ ಪತ್ರಿಕೆಗಳಿಗೂ ಹಬ್ಬಿದೆ. ಹೀಗೆ ಮುಚ್ಚಿದ ಪತ್ರಿಕೆಯ ಮುಖಪುಟ ಸುರಕ್ಷಿತವಾಗಿರುತ್ತದೆ, ಕಥೆಯನ್ನು ಮಾತ್ರ ಯಾರೂ ಓದಲಾರರು.

ಸಂರಕ್ಷಣೆ ಮತ್ತು ಸಂಗ್ರಹಾಲಯಗಳು

ಪ್ರತಿಗಳನ್ನು ಪಾಲಿಯೆಸ್ಟರ್ ಹೊದಿಕೆಯಲ್ಲಿ, ಆಮ್ಲರಹಿತ ರಟ್ಟಿನ ಆಸರೆಯೊಂದಿಗೆ, ಬೆಳಕು ಬೀಳದ ತಂಪಾದ ಒಣ ಜಾಗದಲ್ಲಿ ಇಡಲಾಗುತ್ತದೆ. ಅಂಟುಟೇಪಿನ ಬಳಕೆ ಸಂಪೂರ್ಣ ವರ್ಜ್ಯ. ಅದರ ಅಂಟು ವರ್ಷಗಳ ಬಳಿಕ ಕಾಗದದೊಳಗೆ ಇಳಿದು ಕಂದು ಕಲೆಯನ್ನು ಬಿಡುತ್ತದೆ. ಕ್ಷಾರೀಯ ಪುಡಿಯನ್ನು ಸಿಂಪಡಿಸಿ ಆಮ್ಲವನ್ನು ತಗ್ಗಿಸುವ ವಿಧಾನವಿದೆಯಾದರೂ ಆಗಲೇ ಮುರುಕಾದ ಹಾಳೆಗೆ ಅದು ಬಲವನ್ನು ಮರಳಿ ಕೊಡುವುದಿಲ್ಲ. ಸ್ವಯಂಸೇವಕರು ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಂತಹ ತಾಣಗಳಲ್ಲಿ ಇಡುತ್ತಿದ್ದಾರೆ. ಸ್ಕ್ಯಾನ್ ಮಾಡಲು ಗಟ್ಟಿಯಾದ ಬೆನ್ನನ್ನು ಪೂರ್ತಿ ತೆರೆಯಬೇಕಾಗುವುದರಿಂದ ಕೆಲವು ಪ್ರತಿಗಳು ಈ ಕಾರ್ಯದಲ್ಲೇ ಬಿಡಿಹಾಳೆಗಳಾಗುತ್ತವೆ. ಪ್ರತಿಯನ್ನು ಉಳಿಸಬೇಕೇ, ಪಠ್ಯವನ್ನು ಉಳಿಸಬೇಕೇ ಎಂಬ ಬಗ್ಗೆ ಸಂಗ್ರಾಹಕರಲ್ಲಿ ಒಮ್ಮತವಿಲ್ಲ.

ಸಾರ್ವಜನಿಕ ಸಂಗ್ರಹಗಳಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಆವರಣದ ಈಟನ್ ಸಂಗ್ರಹ, ಸ್ಟ್ರೀಟ್ ಅಂಡ್ ಸ್ಮಿತ್ ದಾಖಲೆಗಳಿರುವ ಸಿರಾಕ್ಯೂಸ್ ವಿಶ್ವವಿದ್ಯಾಲಯ ಮತ್ತು ಲೇಖಕಿ ಜೂಡಿತ್ ಮೆರಿಲ್ 1970ರಲ್ಲಿ ನೀಡಿದ ಕೊಡುಗೆಯಿಂದ ಆರಂಭವಾದ ಟೊರಾಂಟೊದ ಮೆರಿಲ್ ಸಂಗ್ರಹ ಹೆಸರಿಸತಕ್ಕವು. ಸಂಗ್ರಾಹಕರ ಸಮಾವೇಶವಾದ ಪಲ್ಪ್‌ಕಾನ್ 1972ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾಯಿತು. 2009ರಿಂದ ಪಲ್ಪ್‌ಫೆಸ್ಟ್ ನಡೆಯುತ್ತಿದೆ. ಷಿಕಾಗೋ ಪ್ರದೇಶದಲ್ಲಿ ಪ್ರತಿವರ್ಷ ಸೇರುವ ವಿಂಡಿ ಸಿಟಿ ಸಮಾವೇಶದಲ್ಲಿ ಮಾರಾಟ, ವಿನಿಮಯ ಮತ್ತು ಹರಾಜು ನಡೆಯುತ್ತವೆ.

ಟೀಕೆ

ಚೀನೀಯರನ್ನು ಕ್ರೂರ ಖಳರಾಗಿ ಚಿತ್ರಿಸುವುದು, ಕಟ್ಟಿಹಾಕಿದ ಹೆಣ್ಣನ್ನು ಮಾರಾಟದ ಸರಕಾಗಿಸುವುದು ಈ ಮುಖಪುಟಗಳಲ್ಲಿ ಪದೇ ಪದೇ ಕಾಣುವ ದೋಷಗಳು. 1934ರಲ್ಲಿ ಆರಂಭವಾದ 'ಸ್ಪೈಸಿ' ಸರಣಿಯ ಪತ್ರಿಕೆಗಳಲ್ಲಿ ಎರಡನೆಯ ಪ್ರವೃತ್ತಿ ಅತಿರೇಕಕ್ಕೆ ಹೋಯಿತು. ವಿಪರ್ಯಾಸವೆಂದರೆ, ಮನೆಯಲ್ಲಿ ಇಟ್ಟುಕೊಳ್ಳಲು ನಾಚಿ ಓದುಗರು ಬೇಗನೆ ಎಸೆಯುತ್ತಿದ್ದ ಇವೇ ಸಂಚಿಕೆಗಳು ಇಂದು ಸುಸ್ಥಿತಿಯಲ್ಲಿ ಸಿಗುವುದು ವಿರಳವಾಗಿ, ಹರಾಜುಗಳಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿವೆ.