ನಗಿಸುವ ಚಿತ್ರಗಳು: ಕಲ್ಲು, ತೊಗಲು, ಕಾಗದ



ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರಾಗಿದ್ದೀರಿ. ಕೆಲವರು ಅಜ್ಜಅಜ್ಜಿಯರ ಪದವಿಗೂ ಏರಿದ್ದೀರಿ. "ಸರ್, ಮೂರು ನಾಲ್ಕು ವರ್ಷದ ಮಗುವಿಗೆ ಯಾವ ಪುಸ್ತಕ ಕೊಡಿಸಬೇಕು?" ಎಂದು ಆಗಾಗ ಕೇಳುತ್ತೀರಿ. ನನ್ನ ಉತ್ತರ ಇಷ್ಟೇ: ನಗೆ ತರಿಸುವ ಚಿತ್ರಗಳ ಪುಸ್ತಕ ಕೊಡಿಸಿ, ಮತ್ತು ಮಗುವಿನೊಡನೆ ಕುಳಿತು ನೀವೂ ನೋಡಿ. ಈ ಉತ್ತರದ ಎರಡನೆಯ ಭಾಗವೇ ಹೆಚ್ಚು ಮುಖ್ಯವಾದುದು. ಅದೇಕೆ ಎಂಬುದನ್ನು ನಮ್ಮ ಸೀಮೆಯ ಇತಿಹಾಸದಿಂದಲೇ ವಿವರಿಸಬಯಸುತ್ತೇನೆ.

ಹಂಪಿಯ ಹಜಾರರಾಮ ದೇವಾಲಯವನ್ನು ನೀವೆಲ್ಲ ನೋಡಿದ್ದೀರಿ. 15ನೆಯ ಶತಮಾನದ ಆ ಗುಡಿಯ ಹೊರಗೋಡೆಯ ಮೇಲೆ ರಾಮಾಯಣವು ಮೂರು ಸಾಲುಗಳಲ್ಲಿ ಚಿತ್ರಚಿತ್ರವಾಗಿ ಸಾಗುತ್ತದೆ. ಪ್ರದಕ್ಷಿಣೆ ಬರುತ್ತಾ ಓದಬೇಕಾದ ಕಲ್ಲಿನ ಪುಸ್ತಕವದು. ಅದರಲ್ಲಿ ಭಕ್ತಿಯೊಡನೆ ನಗೆಯೂ ಇದೆ. ರಾವಣನು ಆಸನ ಕೊಡದಿದ್ದಾಗ ಹನುಮಂತನು ತನ್ನ ಬಾಲವನ್ನೇ ಸುರುಳಿ ಸುತ್ತಿ ಗದ್ದುಗೆ ಮಾಡಿಕೊಂಡು ಎದುರಿಗೆ ಕುಳಿತ ಪ್ರಸಂಗವನ್ನು ಕಂಡು ನಗದ ಮಗುವನ್ನು ನಾನು ಕಂಡಿಲ್ಲ. ಇನ್ನು ಒಂದೇ ತಲೆಯನ್ನು ಆನೆಯೂ ಎತ್ತೂ ಹಂಚಿಕೊಂಡ ಶಿಲ್ಪ! ಒಂದು ಬದಿಯನ್ನು ಅಂಗೈಯಿಂದ ಮುಚ್ಚಿದರೆ ಆನೆ, ಇನ್ನೊಂದು ಬದಿಯನ್ನು ಮುಚ್ಚಿದರೆ ಎತ್ತು. ವಿರೂಪಾಕ್ಷ ದೇವಾಲಯದ ಕತ್ತಲೆಯ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಯಗೋಪುರವನ್ನು ತಲೆಕೆಳಗಾಗಿಸಿ ಗೋಡೆಯ ಮೇಲೆ ಮೂಡಿಸುವುದೂ ಮಕ್ಕಳಿಗೆ ದೊಡ್ಡ ತಮಾಷೆಯೇ. ಆದರೆ ಒಂದು ಸಂಗತಿಯನ್ನು ಗಮನಿಸಿ. ಶಿಲ್ಪದ ಮೇಲೆ ಅಂಗೈ ಇಟ್ಟು ತೋರಿಸುವವರು ಇಲ್ಲದಿದ್ದರೆ ಮಗು ಆ ಕಂಬವನ್ನು ನೋಡದೆಯೇ ಮುಂದೆ ಹೋಗುತ್ತದೆ. ನಗು ಹುಟ್ಟುವುದು ಕಲ್ಲು, ಕೈ, ಕಣ್ಣು ಮೂರೂ ಕೂಡಿದಾಗ.

ಕಲ್ಲಿನ ತರುವಾಯ ತೊಗಲು. ನಮ್ಮ ಬಳ್ಳಾರಿ, ಕೊಪ್ಪಳ ಭಾಗದ ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ಹದಮಾಡಿದ ಚರ್ಮದ ಬಣ್ಣದ ಚಿತ್ರಗಳನ್ನು ಕುಣಿಸುತ್ತಾರೆ. ರಾಮ ರಾವಣರ ನಡುವೆ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ನುಗ್ಗಿ ಬಂದು ಜಗಳವಾಡಿದರೆ, ನಿದ್ದೆಗೆ ಜಾರಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ದೂರದೂರಕ್ಕೆ ಒಯ್ದರು. 2023ರಲ್ಲಿ ಅವರನ್ನು ಕಳೆದುಕೊಂಡೆವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಇಲ್ಲಿಯೂ ಚಿತ್ರ ತಾನೇ ಮಾತನಾಡುವುದಿಲ್ಲ. ಪರದೆಯ ಹಿಂದೆ ಹಾಡುವ, ಹಾಸ್ಯ ಮಾಡುವ ಮನುಷ್ಯಕಂಠವೊಂದು ಬೇಕು.

ಕಾಗದದ ಪುಸ್ತಕಕ್ಕೆ ಬಂದಾಗ ಕನ್ನಡದ ಮಕ್ಕಳಿಗೆ ನಗು ಮೊದಲು ದೊರೆತದ್ದು ಮಾತಿನಲ್ಲಿ. ಪಂಜೆ ಮಂಗೇಶರಾಯರು (1874–1937), ಬಳಿಕ ಜಿ. ಪಿ. ರಾಜರತ್ನಂ ಅವರು ಪ್ರಾಸ, ಲಯ, ತುಂಟತನಗಳಿಂದ ಮಕ್ಕಳನ್ನು ನಗಿಸಿದರು. ಚಿತ್ರಗಳು ಮಾತ್ರ ವಿರಳ. ಅಚ್ಚುಮೊಳೆಯ ಕಾಲದಲ್ಲಿ ಪ್ರತಿಯೊಂದು ಚಿತ್ರಕ್ಕೂ ಲೋಹದ ಬ್ಲಾಕ್ ಮಾಡಿಸಬೇಕು. ಬಣ್ಣದ ಚಿತ್ರವಾದರೆ ಬಣ್ಣಕ್ಕೊಂದು ಬ್ಲಾಕ್. ಆ ವೆಚ್ಚವನ್ನು ಸಣ್ಣ ಪ್ರಕಾಶಕರು ಹೇಗೆ ಭರಿಸಿಯಾರು?

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಮದರಾಸಿನಿಂದ ಬಂದ 'ಚಂದಮಾಮ'. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈಯಲ್ಲಿ ಅದನ್ನು ತೆಲುಗು, ತಮಿಳುಗಳಲ್ಲಿ ಆರಂಭಿಸಿದರು. ಮರುವರ್ಷ ಕನ್ನಡದಲ್ಲಿಯೂ ಬಂತು. ಆಗ ನಮ್ಮ ಬಳ್ಳಾರಿ ಜಿಲ್ಲೆಯೂ ಮದರಾಸು ಪ್ರಾಂತದಲ್ಲಿಯೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಚಂದಮಾಮದ ವಿಶೇಷವೆಂದರೆ ಭಾಷೆಗಳು ಬೇರೆಯಾದರೂ ಚಿತ್ರಗಳು ಒಂದೇ. ಹೊಸಪೇಟೆಯಲ್ಲಿಯೂ ಕಂಪ್ಲಿಯಲ್ಲಿಯೂ ಕನ್ನಡದ ಮನೆಯ ಪಕ್ಕದಲ್ಲಿ ತೆಲುಗಿನ ಮನೆ. ಎರಡೂ ಮನೆಯ ಮಕ್ಕಳು ಒಂದೇ ಚಿತ್ರ ನೋಡಿ, ತಂತಮ್ಮ ಭಾಷೆಯಲ್ಲಿ ಕಥೆ ಹೇಳಿಕೊಂಡು ನಕ್ಕರು. ಆದರೂ ಚಂದಮಾಮ ಓದಬಲ್ಲ ಮಕ್ಕಳ ಪತ್ರಿಕೆಯಾಗಿತ್ತು. ತೊಡೆಯ ಮೇಲೆ ಕೂರುವ ಕೂಸಿಗೆ ಬೇಕಾದದ್ದು ಬೇರೆ.

ಇಂಥದೇ ಕೊರತೆ ಯೂರೋಪಿನಲ್ಲಿಯೂ ಇತ್ತು. ಜರ್ಮನಿಯ ವೈದ್ಯ ಹೈನ್ರಿಚ್ ಹಾಫ್‌ಮನ್ 1844ರ ಕ್ರಿಸ್‌ಮಸ್ ಸಮಯದಲ್ಲಿ ತನ್ನ ಮೂರು ವರ್ಷದ ಮಗನಿಗಾಗಿ ಪುಸ್ತಕ ಹುಡುಕಿದಾಗ ದೊರೆತವು ನೀರಸವಾದ ನೀತಿಬೋಧೆಗಳು ಮಾತ್ರ. ಆತ ಖಾಲಿ ಪುಸ್ತಕವೊಂದನ್ನು ತಂದು ತಾನೇ ಚಿತ್ರ ಬಿಡಿಸಿ ಪದ್ಯ ಬರೆದ. 1845ರಲ್ಲಿ ಅದು ಅಚ್ಚಾಗಿ ಲೋಕಪ್ರಸಿದ್ಧವಾಯಿತು. ತಂದೆಯೊಬ್ಬ ಮಗನೊಡನೆ ಕೂಡಲು ಬಯಸಿದ್ದರಿಂದ ಹುಟ್ಟಿದ ಪುಸ್ತಕವದು.

ನಮ್ಮಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿನ 'ನೆಹರೂ ಬಾಲ ಪುಸ್ತಕಾಲಯ' ಮಾಲೆಯು ಕಡಿಮೆ ಬೆಲೆಗೆ ಬಣ್ಣದ ಪುಸ್ತಕಗಳನ್ನು ತಂದಿತು. ಮಿಕ್ಕಿ ಪಟೇಲರು ಬರೆದು ಚಿತ್ರಿಸಿದ, ತನ್ನ ಬೂದು ಮೈಗೆ ಬೇಸತ್ತು ಇತರ ಪ್ರಾಣಿಗಳಂತೆ ಬಣ್ಣಬಣ್ಣವಾಗಲು ಹೊರಟ ರೂಪಾ ಎಂಬ ಆನೆಯನ್ನು ನೋಡಿದರೆ ಹಂಪಿಯ ಶಿಲ್ಪಿಗಳೂ ಮೆಚ್ಚುತ್ತಿದ್ದರೇನೋ! 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಈ ಕೆಲಸವನ್ನು ಇನ್ನೂ ಮುಂದಕ್ಕೊಯ್ದಿತು. ರೋಹಿಣಿ ನಿಲೇಕಣಿಯವರು 'ನೋನಿ' ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆ ನಮ್ಮ ನಾಡಿನದೇ. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ಈ ರೈತನಿಗೆ ಕ್ಷೌರಿಕನಿಗೂ ಪುರುಸೊತ್ತಿಲ್ಲ, ಹೆಂಡತಿಗೂ ಪುರುಸೊತ್ತಿಲ್ಲ. ಕೊನೆಗೆ ಹುಲಿಯವರೆಗೂ ಹೋಗಬೇಕಾಗುತ್ತದೆ. ಇದೇ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಇಂತಹ ಕಥೆಗಳು ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಈಗ ನನ್ನ ಮನಸ್ಸಿನ ಮಾತು. ಎಂಟನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುವ ಮಕ್ಕಳನ್ನು ಪ್ರತಿವರ್ಷವೂ ಕಾಣುತ್ತಿದ್ದೆ. ಬುದ್ಧಿಗೇನೂ ಕೊರತೆಯಿಲ್ಲ. ಅವರ ಪಾಲಿಗೆ ಪುಸ್ತಕವೆಂದರೆ ಪರೀಕ್ಷೆ, ಪುಸ್ತಕವೆಂದರೆ ಬೆತ್ತ. ಪುಸ್ತಕ ಹಿಡಿದು ಒಮ್ಮೆಯಾದರೂ ನಕ್ಕ ನೆನಪು ಅವರಿಗಿರಲಿಲ್ಲ. ಅವರ ತಾಯಂದಿರು ಕಂಪ್ಲಿಯ ಗದ್ದೆಗಳಲ್ಲಿ ನಾಟಿಗೆ, ಸಂಡೂರಿನ ಗಣಿಗಳಲ್ಲಿ ಕೂಲಿಗೆ ಹೋಗುವವರು. "ನಮಗ ಓದಾಕ ಬರಂಗಿಲ್ರಿ ಸರ್, ನಾವೇನ್ ಹೇಳಿಕೊಡೋಣ?" ಎನ್ನುತ್ತಿದ್ದರು.

ಸಂಡೂರಿನ ಕಡೆಯ ತಾಂಡಾದಲ್ಲಿ ಒಮ್ಮೆ ಲಂಬಾಣಿ ಅಜ್ಜಿಯೊಬ್ಬರು ಮೊಮ್ಮಗನ ಚಿತ್ರಪುಸ್ತಕವನ್ನು ಕೈಗೆತ್ತಿಕೊಂಡು, ತಮ್ಮ ಭಾಷೆಯಲ್ಲಿ ತಮ್ಮದೇ ಕಥೆ ಕಟ್ಟಿ ಹೇಳುವುದನ್ನು ಕಂಡೆ. ಪುಟದಲ್ಲಿ ಅಚ್ಚಾದ ಕಥೆಗೂ ಅವರ ಕಥೆಗೂ ಸಂಬಂಧವಿರಲಿಲ್ಲ. ಹುಡುಗ ಮಾತ್ರ ಹೊಟ್ಟೆ ಹಿಡಿದು ನಗುತ್ತಿದ್ದ. ಅಕ್ಷರ ಬಾರದ ಹಿರಿಯರನ್ನೂ ಗುರುವಿನ ಸ್ಥಾನದಲ್ಲಿ ಕೂರಿಸುವ ಶಕ್ತಿ ಇಂತಹ ಪುಸ್ತಕಕ್ಕಿದೆ ಎಂಬುದು ಅಂದು ನನಗೆ ಮನದಟ್ಟಾಯಿತು.

ಮೊಬೈಲಿನಲ್ಲಿಯೂ ನಗಿಸುವ ಚಿತ್ರಗಳಿವೆಯಲ್ಲ ಎಂದು ನೀವು ಕೇಳಬಹುದು. ಇವೆ, ನಿಜ. ಆದರೆ ಅದನ್ನು ಮಗುವಿನ ಕೈಗಿತ್ತು ನಾವು ಎದ್ದು ಹೋಗುತ್ತೇವೆ. ಮಗು ಒಂಟಿಯಾಗಿ ನಗುತ್ತದೆ. ಏಕೆ ನಕ್ಕೆ ಎಂದು ಹೇಳಲು ಅದಕ್ಕೆ ಯಾರೂ ಇರುವುದಿಲ್ಲ. ಮಾತು ಬೆಳೆಯುವುದು ಹೇಳುವುದರಿಂದ ಮತ್ತು ಕೇಳುವುದರಿಂದ.

ಆದ್ದರಿಂದ, ಪ್ರಿಯರೇ, ನಿಮ್ಮಲ್ಲಿ ಅನುಕೂಲವಿದ್ದವರು ಮನೆಯ ಮಗುವಿಗೆ ಒಂದು ಪುಸ್ತಕ ಕೊಳ್ಳುವಾಗ ಊರಿನ ಅಂಗನವಾಡಿಗೂ ಒಂದನ್ನು ಕೊಳ್ಳಿರಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿದೆ. ಅಲ್ಲಿಯೂ ಹರಿದು ಹೋಗುವಷ್ಟು ಓದಿಸಿಕೊಳ್ಳುವ ಚಿತ್ರಪುಸ್ತಕಗಳಿರಲಿ. ಮಗು ಅದೇ ಪುಟವನ್ನು ಹತ್ತನೆಯ ಸಲ ತೋರಿಸು ಎಂದರೆ ಬೇಸರಿಸದೆ ತೋರಿಸಿರಿ. ಆನೆಯೋ ಎತ್ತೋ ಎಂದು ಕೇಳಿರಿ, ಉತ್ತರ ಬರುವವರೆಗೂ ಕಾಯಿರಿ.

ಎಲ್ಲರಿಗೂ ಶುಭವಾಗಲಿ.