ಜೆಟ್‌ನಿಂದ ಸೆನ್ಸರ್‌ವರೆಗೆ: ಲಡಾಖಿನ ಏರುದಾರಿಯಲ್ಲಿ ಬೈಕು

ಲಡಾಖಿನ ಖಾರ್ದುಂಗ್ ಲಾ ಘಟ್ಟದ ಬೋರ್ಡು ಬಹಳ ಕಾಲ 18,380 ಅಡಿ ಎಂದೇ ಸಾರುತ್ತಿತ್ತು. ನಿಜವಾದ ಎತ್ತರ ಸುಮಾರು 17,580 ಅಡಿ. ಬೋರ್ಡಿನ ಬಡಾಯಿ ಕಳೆದರೂ ಎಂಜಿನ್ನಿನ ಕಷ್ಟವೇನೂ ತಗ್ಗುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸು. ಸಾವಿರ ಅಡಿ ಏರಿದಂತೆಲ್ಲ ಶೇ. 3ರಷ್ಟು ಶಕ್ತಿ ಹೋಗುತ್ತದೆ ಎಂಬುದು ಚಾಲ್ತಿಯಲ್ಲಿರುವ ಒರಟು ಲೆಕ್ಕ. ಮಂಗಳೂರಿನಲ್ಲಿ 20 ಕುದುರೆಶಕ್ತಿ ಕೊಡುವ 350 ಸಿಸಿ ಬುಲೆಟ್ಟು ಅಲ್ಲಿ ಹತ್ತೋ ಹನ್ನೊಂದೋ ಕೊಟ್ಟರೆ ಹೆಚ್ಚು.

ಕಾರ್ಬ್ಯುರೇಟರ್ ಕಾಲದಲ್ಲಿ ಇದರ ಮೇಲೊಂದು ಕಾಟವಿತ್ತು. ಗಾಳಿ ತೆಳುವಾದರೂ ಪೆಟ್ರೋಲು ಹಾಯುವ ಜೆಟ್ಟಿನ ತೂತು ಅಷ್ಟೇ ಇರುವುದರಿಂದ ಪೆಟ್ರೋಲು ಹೆಚ್ಚಾಗಿ ಹೋಗುತ್ತಿತ್ತು. ಹೊಗೆ ಕಪ್ಪಾಗಿ, ಪ್ಲಗ್ಗಿಗೆ ಮಸಿ ಕಟ್ಟಿ, ಐಡ್ಲಿಂಗ್‌ನಲ್ಲಿ ಗಾಡಿ ಆರಿಹೋಗುತ್ತಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳಲ್ಲಿ ಪೆಟ್ರೋಲಿನ ಜೊತೆ ಆಯಿಲ್ಲೂ ಉರಿಯಬೇಕು; ಪ್ಲಗ್ಗಿಗೆ ಮಸಿ ಇನ್ನೂ ಬೇಗ. ಚಿಕ್ಕ ಜೆಟ್ ಹಾಕಿಸುವುದೇ ಸರಿಯಾದ ಮದ್ದು. ಇಳಿದ ಮೇಲೆ ಹಳೆಯದನ್ನು ಹಾಕಲು ಮರೆತರೆ ಮಾತ್ರ ಬಯಲಿನ ದಟ್ಟ ಗಾಳಿಗೆ ಪೆಟ್ರೋಲು ಸಾಲದೆ ಎಂಜಿನ್ ಕಾದು ಪಿಸ್ಟನ್ನಿಗೇ ಕುತ್ತು. ಅಷ್ಟು ತಾಳ್ಮೆಯಿಲ್ಲದವರು ಏರ್ ಫಿಲ್ಟರನ್ನೇ ಕಿತ್ತಿಡುತ್ತಿದ್ದರು. ಗಾಳಿಯೇನೋ ಸಿಕ್ಕಿತು, ಜೊತೆಗೆ ದಾರಿಯಲ್ಲಿನ ಮೋರೆ ಎಂಬ ಬಯಲಿನ ಧೂಳೂ ಸಿಲಿಂಡರಿಗೆ ಸೇರಿತು. ಇದಕ್ಕಿಂತ ಕೆಟ್ಟ ಉಪಾಯ ಬೇರೆ ಇರಲಾರದು.

ಬದಲಾವಣೆ ಬಂದದ್ದು ಬಯಲಿನ ಗಾಡಿಯಿಂದ. 2006ರಲ್ಲಿ ಹೀರೊ ಹೋಂಡಾ ಗ್ಲಾಮರ್ ಫ್ಯೂಯೆಲ್ ಇಂಜೆಕ್ಷನ್ ತಂದಾಗ ಅದು ದುಬಾರಿ ಶೋಕಿಯಂತೆ ಕಂಡಿತ್ತು. ಹಿಮಾಲಯದ ಹೆಸರನ್ನೇ ಹೊತ್ತು 2016ರಲ್ಲಿ ಬಂದ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ ಕೂಡ ಮೊದಲು ಕಾರ್ಬ್ಯುರೇಟರಿನದೇ. ಮರುವರ್ಷ ಬಿಎಸ್-4 ಹೊಗೆ ನಿಯಮದ ಹೊತ್ತಿಗೆ ಇಂಜೆಕ್ಷನ್ನಿಗೆ ಹೊರಳಿತು. 2020ರ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಯಿತು. ಲಡಾಖಿಗೆ ಹೋಗುವವರಿಗೆ ಹೀಗೆ ನೆರವಾದದ್ದು ಮುಖ್ಯವಾಗಿ ನಗರದ ಹೊಗೆಯ ಚಿಂತೆ.

ಇಂಜೆಕ್ಷನ್‌ನಲ್ಲಿ ಸೆನ್ಸರ್ ಗಾಳಿಯ ಒತ್ತಡ ಅಳೆಯುತ್ತದೆ, ಇಸಿಯು ಎಂಬ ಪುಟ್ಟ ಕಂಪ್ಯೂಟರು ಪೆಟ್ರೋಲು ತಗ್ಗಿಸುತ್ತದೆ. ಆದರೆ ಮಿಶ್ರಣ ಸರಿಯಾಯಿತೆಂದು ಹೋದ ಶಕ್ತಿ ಮರಳುವುದಿಲ್ಲ. ಇಲ್ಲದ ಆಮ್ಲಜನಕವನ್ನು ಯಾವ ಕಂಪ್ಯೂಟರೂ ತಂದುಕೊಡದು. ಹಿಂದೆ ಸಹಸವಾರ, ಮುಂದೆ ಲಗೇಜು, ಕೆಳಗೆ ಜಲ್ಲಿ ಇರುವ ತಿರುವಿನಲ್ಲಿ ಜನ ಅರ್ಧ ಕ್ಲಚ್ ಹಿಡಿದೇ ಏರುತ್ತಾರೆ. ಹಾಗಾಗಿ ಈಗಲೂ ಕ್ಲಚ್ ಪ್ಲೇಟು ಸುಡುವುದು ತಪ್ಪಿಲ್ಲ. ಏರಿನಲ್ಲಿ ಗೇರು ಮೊದಲೇ ಇಳಿಸಿ, ಎಂಜಿನ್ನಿನ ಸುತ್ತು ಕುಸಿಯದಂತೆ ಹೋಗುವುದೇ ಲೇಸು.

2023ರ ಕೊನೆಗೆ ಬಂದ 452 ಸಿಸಿಯ ಹಿಮಾಲಯನ್ ನೀರಿನಿಂದ ತಣಿಯುವ ಎಂಜಿನ್ ತಂದಿತು. 40 ಕುದುರೆಶಕ್ತಿಯಲ್ಲಿ ಅರ್ಧ ಹೋದರೂ ಹಳೆಯ ಬುಲೆಟ್ಟು ಬಯಲಿನಲ್ಲಿ ಕೊಡುತ್ತಿದ್ದಷ್ಟು ಉಳಿಯುತ್ತದೆ. ಬದಲಿಗೆ ಕೂಲೆಂಟಿನ ಮಟ್ಟ, ರೇಡಿಯೇಟರ್ ಮುಚ್ಚಳದ ಬಿಗಿ ನೋಡಿಕೊಳ್ಳುವ ಕೆಲಸ ಸೇರಿತು: ತೆರೆದ ಪಾತ್ರೆಯ ನೀರು ಖಾರ್ದುಂಗ್ ಲಾದಲ್ಲಿ 83 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಮುಚ್ಚಳದ ಒತ್ತಡವೇ ಕೂಲೆಂಟನ್ನು ಕುದಿಯದಂತೆ ತಡೆದಿಡುವುದು. ಸೆನ್ಸರ್ ಕೈಕೊಟ್ಟರೆ ಸ್ಕ್ರೂಡ್ರೈವರ್ ಸಾಲದು, ಡಯಾಗ್ನೋಸ್ಟಿಕ್ ಸಲಕರಣೆ ಬೇಕು. ಅದು ದಾರಿಯಲ್ಲಿನ ಸರ್ಚು, ಪಾಂಗ್‌ನಂಥ ತಂಗುದಾಣಗಳ ರಸ್ತೆಬದಿಯಲ್ಲಿ ಸಿಗುವಂಥದ್ದಲ್ಲ.

ಆಮ್ಲಜನಕವೇ ಬೇಡದ ಮೋಟಾರು ಮುಂದಿನ ಸರದಿಯಲ್ಲಿದೆ. 2023ರಲ್ಲಿ ಮಿಲಾನಿನ ಮೇಳದಲ್ಲಿ ರಾಯಲ್ ಎನ್‌ಫೀಲ್ಡ್ ಎಲೆಕ್ಟ್ರಿಕ್ ಹಿಮಾಲಯನ್ನಿನ ಮಾದರಿಯನ್ನು ತೋರಿಸಿತ್ತು. ಅದಕ್ಕೆ ಎತ್ತರದ ಭಯವಿಲ್ಲ, ಚಳಿಯ ಭಯವಿದೆ: ತಣ್ಣಗಾದ ಬ್ಯಾಟರಿ ಕಡಿಮೆ ದೂರ ಓಡಿಸುತ್ತದೆ. ಮನಾಲಿ–ಲೇಹ್ ದಾರಿಯಲ್ಲಿ ತಾಂಡಿ ಬಂಕಿನ ಬೋರ್ಡು ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ಎಂದು ಎಚ್ಚರಿಸುತ್ತಿತ್ತು. ಅಲ್ಲಿ ಜೆರ್ರಿಕ್ಯಾನ್ ಕಟ್ಟಿಕೊಂಡು ಹೋಗಬಹುದಿತ್ತು, ಚಾರ್ಜನ್ನು ಹಾಗೆ ಕಟ್ಟಿಕೊಂಡು ಹೋಗಲಾಗದು.